ನನ್ನ ಸಾಲು ಹಿಡಿದವನು

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡುತ್ತ ಬಂದಿದ್ದೇನೆ. ಮೊದಲು ನೌಕರಿ ಹೋದೀತೆಂಬ ಅಂಜಿಕೆ, ಆಮೇಲೆ ಮಕ್ಕಳ ಮುಂದೆ ಮರ್ಯಾದೆಯ ಪ್ರಶ್ನೆ, ಈಗೀಗ ಮಂಡಿನೋವು. ನೆಪಕ್ಕೆ ಬರ ಎಲ್ಲಿದೆ ಹೇಳಿ?

ಮೊನ್ನೆ ಮುದನಾಳದಲ್ಲಿ ನಮ್ಮ ಹತ್ತಿ ಹೊಲದ ಬದುವಿನ ಮೇಲೆ ಕೂತಿದ್ದೆ. ಕಳೆ ತೆಗೆಯುವ ಹೆಂಗಸರು ತಲಾ ಒಂದು ಸಾಲು ಹಿಡಿದಿದ್ದರು. ಮೊದಲು ಮುಗಿಸಿದಾಕೆ ಸುಮ್ಮನೆ ನಿಲ್ಲಲಿಲ್ಲ. ಹಿಂದೆ ಬಿದ್ದವಳ ಸಾಲನ್ನು ಆ ತುದಿಯಿಂದ ಹಿಡಿದು ಎದುರಿಗೆ ಹೊರಟಳು.

"ಏನಬೇ, ಸಾಲಿನ್ಯಾಗ ಮಕ್ಕೊಂಡಿಯೇನ?"

"ನೀ ಬರ್ತಿ ಅಂತ ಗೊತ್ತಿತ್ತವ್ವಾ, ಅದಕ್ಕ ಮೆಲ್ಲಕ ಹೊಂಟೀನಿ!"

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ನೀವು ನಂಬಲಿಕ್ಕಿಲ್ಲ, ಈ ಮೆಟ್ರಿಕ್ ಮನುಷ್ಯ ಒಮ್ಮೆ ಹಾಲೆಂಡಿನಲ್ಲಿ ಓದಿ ಬಂದವನು. ನಮ್ಮ ಕಡೆ ಕಾಲುವೆ ನೀರು ಬಂದ ಹೊಸತರಲ್ಲಿ ನೀರಾವರಿ ಒಕ್ಕಲುತನ ಕಲಿಯಲು ಸರ್ಕಾರದವರು ಆರು ತಿಂಗಳು ಕಳಿಸಿದ್ದರು. ನನ್ನನ್ನೂ, ಕೆಂಭಾವಿಯ ಒಬ್ಬ ಗೆಳೆಯನನ್ನೂ. ಅಲ್ಲಿಯ ಹಾಸ್ಟೆಲಿನಲ್ಲಿ ಹಾಲಿನ ಬಾಟಲಿಗೂ ಅವರವರ ಹೆಸರಿನ ಚೀಟಿ. "ಹಾಲಿಗೂ ಹೆಸರಿಡ್ತಾರಲೇ, ತೊಟ್ಟಿಲಾ ಒಂದು ಕಟ್ಟಬೇಕಿತ್ತು" ಎಂದು ಗೆಳೆಯ ನಗುತ್ತಿದ್ದ. ಹಾಗೆಂದು ಅವರು ಕೂಡಿ ದುಡಿಯದವರಲ್ಲ. ಕೂಡಿ ಮಾಡಿ ಎಂದ ಕೆಲಸವನ್ನು ನಮಗಿಂತ ಅಚ್ಚುಕಟ್ಟಾಗಿ ಕೂಡಿ ಮಾಡುತ್ತಿದ್ದರು. ಒಬ್ಬನೇ ಮಾಡು ಎಂದದ್ದಕ್ಕೆ ಮಾತ್ರ ಇನ್ನೊಬ್ಬರ ಕೈ ಸೋಕಬಾರದು. ಆ ಗೆರೆ ನಮ್ಮ ಕಣ್ಣಿಗೆ ಕಾಣುತ್ತಿರಲಿಲ್ಲ.

ಕೊನೆಯ ಪರೀಕ್ಷೆಗೆ ಒಬ್ಬೊಬ್ಬರಿಗೆ ಒಂದು ಪಾತಿ, ಒಂದು ಪುಸ್ತಕ. ದಿನವೂ ಮಣ್ಣಿನ ತೇವ ಅಳೆದು ಬರೆಯಬೇಕು. ಚಳಿಗೆ ನನಗೆ ಜ್ವರ ಬಂತು. ಎರಡು ಕಂಬಳಿಯೊಳಗಿಂದ ಮೂಗಷ್ಟೇ ಹೊರಗಿಟ್ಟು, "ನನ್ನ ಸಾಲೂ ನೀನ ಹಿಡಿಯೋ ದೋಸ್ತ" ಎಂದೆ.

"ಹಿಡೀತೀನಿ ಬಿಡಲೇ. ನಿನ್ನ ಮೂಗು ನೋಡು, ಬದನಿಕಾಯಿ ಆಗ್ಯಾದ."

ಎಂಟು ದಿನ ನನ್ನ ಪಾತಿಯನ್ನೂ ಅಳೆದು ನನ್ನ ಪುಸ್ತಕದಲ್ಲಿ ಬರೆದ.

ಮಾಸ್ತರರು ಎರಡು ಕೈಬರಹ ಗುರುತಿಸಿದರು. ಇಬ್ಬರನ್ನೂ ನಿಲ್ಲಿಸಿ, ಬರೆಯಲು ನೀನೇ ಹೇಳಿದೆಯಾ ಎಂದು ನನ್ನನ್ನು ಕೇಳಿದರು. ಅಲ್ಲಿ ಇದು ಮೋಸವೆಂದು ಅವರ ಮುಖ ನೋಡಿದಾಗಲೇ ತಿಳಿಯಿತು. ಪ್ರಮಾಣಪತ್ರವಿಲ್ಲದಿದ್ದರೆ ಊರಲ್ಲಿ ಕಾದಿರುವ ನೌಕರಿಯೂ ಇಲ್ಲ. "ನನಗೆ ಗೊತ್ತೇ ಇಲ್ಲ, ನಾನು ಮಲಗಿದ್ದೆ" ಎಂದೆ. ಗೆಳೆಯ ಒಮ್ಮೆ ನನ್ನ ಕಡೆ ನೋಡಿ, ತಪ್ಪೆಲ್ಲ ತನ್ನದೇ ಎಂದ. ಅವನು ಬರಿಗೈಲಿ ಮರಳಿದ. ನನಗೆ ಒಂದಷ್ಟು ಅಂಕ ಕಳೆದು ಪ್ರಮಾಣಪತ್ರ ಕೊಟ್ಟರು; ನೌಕರಿಯೂ ಸಿಕ್ಕಿತು.

ಊರಲ್ಲಿ ಕೇಳಿದವರಿಗೆಲ್ಲ ಅವನು, "ಅಲ್ಲೀ ಓದು ನನ್ನ ತಲಿಗಿ ಹತ್ತಲಿಲ್ಲರಿ" ಎನ್ನುತ್ತಿದ್ದ. ಅವನನ್ನು ದಡ್ಡನೆಂದು ನಗುವವರ ನಡುವೆ ನಾನೂ ಚಹಾ ಕುಡಿಯುತ್ತ ಕೂತಿದ್ದೇನೆ. ಇವತ್ತಿಗೂ ಮದುವೆಗಳಲ್ಲಿ ಸಿಕ್ಕರೆ, "ಹೆಂಗದೀಯೋ ದೋಸ್ತ?" ಎಂದು ಅವನೇ ಮೊದಲು ಮಾತಾಡಿಸುತ್ತಾನೆ.

ಮೊನ್ನೆ ಹೊಲದಿಂದ ಬಂದವನೇ ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಮೊರದಲ್ಲಿ ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. "ನನಗ್ಯಾಕ ಹೇಳ್ತೀರಿ? ಅವರಿಗಿ ದಡ್ಡ ಅಂದಾವ್ರು ಊರ ಮಂದಿ. ಮಂದಿಗಿ ಹೇಳ್ರಿ, ಹೆಸರು ಹಿಡದು ಹೇಳ್ರಿ" ಎಂದಳು.

ಅದಕ್ಕೇ ಊರವರೆಲ್ಲ ಓದಲೆಂದು ಇದನ್ನು ಬರೆದೆ. ಕ್ಷಮಿಸುವುದು ಬಿಡುವುದು ಅವನಿಗೆ ಬಿಟ್ಟದ್ದು. ನನ್ನ ಎದೆಯಂತೂ ಹಗುರಾಗಿದೆ. ನಾಳೆ ಕೆಂಭಾವಿ ಬಸ್ಸು ಹತ್ತುತ್ತೇನೆ. ಅದಕ್ಕೆ ಮೊದಲು ನಿಮ್ಮೆಲ್ಲರ ಮುಂದೆ: ಅವನು ದಡ್ಡನಲ್ಲ, ಮೋಸಗಾರನೂ ಅಲ್ಲ. ಬರೆಯಲು ಹೇಳಿದವನು ನಾನು. ನನ್ನ ಸಾಲು ಹಿಡಿದು ಬರೆದುಕೊಟ್ಟವನು ಕೆಂಭಾವಿಯ ಸಿದ್ರಾಮಪ್ಪ.