ಪೇವದಲ್ಲಿಟ್ಟ ಹಾಡು

ಕಳೆದ ವಾರ ಸುಣ್ಣ ಬಳಿಯುವವರು ಬರುತ್ತಾರೆಂದು ಕಪಾಟು ಖಾಲಿ ಮಾಡುತ್ತಿದ್ದೆ. ಹಳೆಯ ಸೀರೆಗಳ ಕೆಳಗಿನಿಂದ ಒಂದು ರೆಕಾರ್ಡು ಹೊರಬಂತು. ರಟ್ಟಿನ ಹೊದಿಕೆ ಬಿಡಿಸಿದ್ದೇ ತಡ, ಅರಿಶಿನದ ಘಾಟು ಮೂಗಿಗೆ ಬಡಿಯಿತು. ನಲವತ್ತು ವರ್ಷ ಕಳೆದರೂ ಹೋಗಿಲ್ಲ ನೋಡಿ. ಸೀನುತ್ತ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಏನಾಯಿತೆಂದು ಸೊಸೆ ಅಡುಗೆಮನೆಯಿಂದ ಕೇಳಿದಳು. ಅರಿಶಿನ, ಎಂದೆ.

ಸಾಂಗಲಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಅರಿಶಿನದ ವ್ಯಾಪಾರಿ. ಹಣೆಗೆ ವಿಭೂತಿ, ತಲೆಗೆ ಕಪ್ಪು ಟೋಪಿ, ಉಗುರು ಸದಾ ಹಳದಿ. ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಮಿರಜದಲ್ಲಿದ್ದ ಒಬ್ಬ ವಿಲಾಯತಿ ಡಾಕ್ಟರು ತಮ್ಮ ದೇಶಕ್ಕೆ ಹೊರಟಾಗ ಮನೆಯ ಸಾಮಾನು ಮಾರಿದರು. ಕಾಕಾ ಅಲ್ಲಿಗೆ ಹೋದದ್ದು ಮಂಚ ತರಲು. ತಂದದ್ದು ಒಂದು ರೆಕಾರ್ಡ್ ಪ್ಲೇಯರ್, ಜೊತೆಗೆ ಒಂದು ಗಂಟು ಇಂಗ್ಲಿಷ್ ರೆಕಾರ್ಡುಗಳು. ಅವರ ಹೆಂಡತಿ, ನಮ್ಮ ಕಾಕು, ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದರು.

ಅದನ್ನು ರಾಕ್ ಎನ್ನುತ್ತಾರೆಂದು ನಮಗಾರಿಗೂ ಗೊತ್ತಿರಲಿಲ್ಲ. ಒಂದರ ಹೊದಿಕೆಯ ಮೇಲೆ ಉದ್ದ ಕೂದಲಿನ ನಾಲ್ವರು ಬೋಳು ಹೊಲದಲ್ಲಿ ನಿಂತಿದ್ದರು. "ಕಬ್ಬ ಕಡ್ಯಾಕ ಬಂದ ಟೋಳಿ ಇದ್ದಂಗ ಐತಿ," ಎಂದರು ಕಾಕಾ. ಆದರೆ ಗಿಟಾರು ಶುರುವಾದರೆ ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನಾನು ಶಾಲೆಯಿಂದ ಬಂದವಳೇ ಚೀಲ ಎಸೆದು ಅಲ್ಲಿಗೆ ಓಡುತ್ತಿದ್ದೆ. ಎಂಟನೆಯ ಇಯತ್ತೆ ಎಂದರೆ ನನಗೆ ಇಂದಿಗೂ ನೀಲಿ ಹೊದಿಕೆಯ ರೆಕಾರ್ಡು. ಒಂಬತ್ತನೆಯದು, ಡ್ರಮ್ಮು ಗುಡುಗುವ ಇನ್ನೊಂದು. ಈ ನಾಲ್ವರದು ಹತ್ತನೆಯದು.

ಪ್ರತಿ ಹಾಡಿಗೂ ಕಾಕಾ ಕೇಳುತ್ತಿದ್ದರು, "ಏನಂತಾನ ಪೋರಿ ಅಂವ?"

ಮರಾಠಿ ಶಾಲೆಯ ಹುಡುಗಿ ನಾನು, ನನಗೇನು ಗೊತ್ತು! ಒಬ್ಬನ ಎತ್ತು ಕಳೆದಿದೆ, ಇನ್ನೊಬ್ಬನ ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. "ಪಾಪ, ಎತ್ತ ಹೋದ್ರ ಒದರ್ಬೇಕಲ್ಲ," ಎಂದು ಕಾಕಾ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನಾನು ಬುರುಡೆ ಬಿಡುತ್ತಿದ್ದೇನೆಂದು ಅವರಿಗೆ ಮೊದಲಿನಿಂದಲೂ ತಿಳಿದಿತ್ತು ಅನಿಸುತ್ತದೆ.

ಹತ್ತನೆಯ ಇಯತ್ತೆಯ ಪೂರ್ವ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ನಪಾಸಾದೆ. ಅಪ್ಪ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿಸುವವರು. ಅವರು ಒಮ್ಮೆ ಆಡಿದರೆ ಮುಗಿಯಿತು. "ಬೋರ್ಡಿನಾಗೂ ಹಿಂಗಾತಂದ್ರ ಸಾಲಿ ಸಾಕು. ವರಾ ನೋಡೂಣು," ಎಂದರು. ನಾನು ಅಳುತ್ತ ಹೋಗಿ ಕಾಕಾನಿಗೆ ಹೇಳಿದೆ. ಅವರ ಮುಖ ಇಳಿದುಹೋಯಿತು.

ನಮ್ಮ ಕಡೆ ಜೋಳಕ್ಕೆ ಹಗೇವು ಇದ್ದಂತೆ, ಸಾಂಗಲಿಗೆ ಹತ್ತಿಕೊಂಡ ಹರಿಪುರದಲ್ಲಿ ಅರಿಶಿನಕ್ಕೆ ಪೇವ. ನೆಲದೊಳಗಿನ ಆಳದ ಕುಣಿ. ಅರಿಶಿನ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತುವುದಿಲ್ಲ. ದರ ಬರುವ ತನಕ ಅದನ್ನು ಯಾರೂ ತೆರೆಯುವುದಿಲ್ಲ. ಹೊಸ ಮಾಲು ಬರುವ ಆ ದಿನಗಳಲ್ಲಿ ಕಾಕಾ ರೆಕಾರ್ಡುಗಳನ್ನೆಲ್ಲ ಧೋತರದಲ್ಲಿ ಸುತ್ತಿ, ಗೋಣಿಚೀಲದಲ್ಲಿಟ್ಟು, ಪೇವದ ನಡುವೆ ಇಳಿಸಿಯೇಬಿಟ್ಟರು.

"ಮನ್ಯಾಗ ಇದ್ರ ನಾನಽ ಹಚ್ತೀನಿ. ನೀ ಪಾಸಾದ ದಿವಸ ತಗಸ್ತೀನಿ," ಎಂದರು. ಗೋಣಿಚೀಲದ ಬದಲು ತಗಡಿನ ಪೆಟ್ಟಿಗೆಯಲ್ಲಿಟ್ಟು ಇಳಿಸಬಹುದಿತ್ತಲ್ಲ ಎಂದು ಕಾಕು ಕೇಳಿದರೆ, ತಗಡು ಬೆವರುತ್ತದೆ, ಅರಿಶಿನ ಕೆಡುತ್ತದೆ ಎಂದರು. ಪೇವದಲ್ಲಿಟ್ಟದ್ದು ಕೆಡುವುದಿಲ್ಲ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಮರುದಿನ ಸಂಜೆ ಅಭ್ಯಾಸಬಲದಿಂದ ಹೋದೆ. ಖಾಲಿ ಪ್ಲೇಯರಿನ ಮುಂದೆ ಕಾಕಾ ಕುಳಿತಿದ್ದರು. ನನ್ನ ಇಂಗ್ಲಿಷ್ ಪುಸ್ತಕ ತೋರಿಸಿ, "ಅದನ್ನ ಹಚ್ಚು," ಎಂದರು. ಓದಿದೆ. ಕಣ್ಣು ಮುಚ್ಚಿ ಕೇಳಿದರು, ತೊಡೆಯ ಮೇಲೆ ತಾಳ ಕೂಡ ಹಾಕಿದರು. ಆಮೇಲೆ ಅದೇ ಪ್ರಶ್ನೆ: "ಏನಂತಾನ ಪೋರಿ ಅಂವ?" ಎತ್ತಿನ ಕತೆ ಹೇಳಹೋದೆ. "ಈ ಸಲ ಖರೇನ ಹೇಳು," ಎಂದರು.

ಪರೀಕ್ಷೆಯ ತನಕ ದಿನವೂ ಹೀಗೇ. ಗೊತ್ತಿಲ್ಲದ ಶಬ್ದ ಬಂದರೆ ಮಾಸ್ತರರನ್ನು ಕೇಳಿಕೊಂಡು ಬಂದು ಹೇಳಲೇಬೇಕಿತ್ತು, ಇಲ್ಲದಿದ್ದರೆ ಕಾಕಾ ಮುಂದೆ ಓದಗೊಡುತ್ತಿರಲಿಲ್ಲ. ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ...

ಜೂನಿನಲ್ಲಿ ಫಲಿತಾಂಶ ಬಂತು. ಪಾಸಾಗಿದ್ದೆ. ಅಪ್ಪ ಪೇಢೆ ತಂದರು, ಕಾಲೇಜಿನ ಅರ್ಜಿಯನ್ನೂ ತಂದರು. ಅರಿಶಿನಕ್ಕೆ ಇನ್ನೂ ದರವಿಲ್ಲ, ತಲೆಯ ಮೇಲೆ ಮಳೆ. ಆದರೂ ಕಾಕಾ ಪೇವ ತೆರೆಸಿದರು. ಹುಚ್ಚು ಹಿಡಿದಿದೆ ಎಂದು ಪೇಟೆಯವರು ನಕ್ಕರಂತೆ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು ಅದು ಆರುವುದಿಲ್ಲವೆಂದು ನೋಡಿ, ಆಳನ್ನು ಇಳಿಸಿದರು.

ಅರಿಶಿನಕ್ಕೆ ಏನೂ ಆಗಿರಲಿಲ್ಲ. ರೆಕಾರ್ಡುಗಳು ಮಾತ್ರ ಭಾರಕ್ಕೂ ಬಿಸಿಗೂ ಹಪ್ಪಳದಂತೆ ಡೊಂಕಾಗಿದ್ದವು. ಹೆಚ್ಚಿನವು ತಿರುಗಲೇ ಇಲ್ಲ. ನಾಲ್ವರ ರೆಕಾರ್ಡು ತಿರುಗಿತು, ಆದರೆ ಮುಳ್ಳು ಏರಿ ಇಳಿದು ದನಿ ತೊನೆಯುತ್ತಿತ್ತು. ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಕೆಡಿಸಿದ್ನಲ್ಲ ಪೋರಿ, ನಿನ್ನ ಹಾಡ," ಎಂದರು. ನನಗೆ ಅಳು ಬಂತು, ರೆಕಾರ್ಡಿಗಾಗಿ ಅಲ್ಲ.

ಕಾಕು ಒಳಗಿನಿಂದ ಬಂದು ಸ್ವಲ್ಪ ಹೊತ್ತು ಕೇಳಿದರು. "ಇಷ್ಟ ದಿವಸ ಒದರ್ತಿದ್ರು. ಈಗ ಅರಿಶಿನಾ ಹಚ್ಚಿಸ್ಕೊಂಡ ಮದುಮಕ್ಕಳಂಗ ಮೆತ್ತಗ ಆಗ್ಯಾರ ನೋಡ್ರಿ," ಎಂದರು. ಕಾಕಾ ನಕ್ಕರು. ನಾವೆಲ್ಲ ನಕ್ಕೆವು. ಆ ರೆಕಾರ್ಡನ್ನು ಕಾಕಾ ಅಂದೇ ನನ್ನ ಕೈಗಿಟ್ಟರು.

ಕಾಕಾ ಈಗಿಲ್ಲ, ಕಾಕು ಕೂಡ. ಹರಿಪುರದ ಪೇವಗಳಿಗೂ ಕೃಷ್ಣೆಯ ಮಹಾಪೂರದಲ್ಲಿ ನೀರು ನುಗ್ಗಿತು.

ಹೊದಿಕೆಯ ಮೇಲಿನ ಹೆಸರು ನೋಡಿ ಮೊಮ್ಮಗ ಆ ಹಾಡನ್ನು ಮೊಬೈಲಿನಲ್ಲಿ ಹುಡುಕಿ ಹಚ್ಚಿದ. ತೊನೆತವಿಲ್ಲದೆ ನೆಟ್ಟಗಿತ್ತು, ನನಗೆ ಸೇರಲಿಲ್ಲ. ಅರ್ಧಕ್ಕೆ ಅವನು ಎದ್ದು ಆಡಲು ಹೋದ. ನಾನು ಪೂರ್ತಿ ಕೇಳಿದೆ. ಅದರಲ್ಲಿ ಎತ್ತಿಲ್ಲ, ತವರಿಲ್ಲ. ಮನೆಯ ದಾರಿ ಮರೆತವನೊಬ್ಬನ ಮಾತು ಅದು. ಈಗ ಒಂದೊಂದು ಶಬ್ದವೂ ತಿಳಿಯುತ್ತದೆ, ಖರೆಯದನ್ನೇ ಹೇಳಬಲ್ಲೆ. ಏನಂತಾನ ಎಂದು ಕೇಳುವವರು ಇಲ್ಲ.