ಎರಡನೇ ಜಾಗ

ಸಾಸವಡದಿಂದ ಪುಣೆಯ ಕಡೆಗೆ ಹೊರಟರೆ ಊರು ಮುಗಿಯುವಲ್ಲಿ, ರಸ್ತೆಗೆ ಅಂಟಿಕೊಂಡಂತೆ ಒಂದು ಹೋಟೆಲಿತ್ತು. ಬೋರ್ಡಿನ ಮೇಲೆ ಯಾವುದೋ ದೇವಿಯ ಹೆಸರು. ಜನ ಮಾತ್ರ ಅದನ್ನು ಉಮಾ ವಹಿನಿಯ, ಅಂದರೆ ಉಮಾ ಅತ್ತಿಗೆಯ, ಹೋಟೆಲು ಎಂದೇ ಕರೆಯುತ್ತಿದ್ದರು.

ಉಮಾವತಿ ಕುಂದಾಪುರದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದಾಗ ಅವಳಿಗೆ ಬರುತ್ತಿದ್ದ ಮರಾಠಿ ಎಂದರೆ 'ಪಾಣಿ' ಮತ್ತು 'ನಾಹೀ'. ಸದಾಶಿವ ಪೇಠದಲ್ಲಿ ಗಂಡನ ಅಣ್ಣ ಮೋಹನದಾಸರ ದೊಡ್ಡ ಹೋಟೆಲು. ಗಂಡ ಅಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ತೆಗೆದುಕೊಳ್ಳುತ್ತಿದ್ದ. ಮಗಳು ಯಶ್ಮಿತಾ ಇನ್ನೂ ಅಕ್ಷರ ಕಲಿಯುತ್ತಿದ್ದಾಗ ಅವನಿಗೆ ಕಾಮಾಲೆ ತಗುಲಿತು. ಉಳಿಯಲಿಲ್ಲ. ಊರಿಂದ ಬಂದ ನೆಂಟರು, ಇನ್ನು ಇವಳಿಗೆ ಇಲ್ಲಿ ಏನು ಕೆಲಸ, ಕರೆದುಕೊಂಡು ಹೋಗೋಣ ಎಂದು ಅವಳೆದುರೇ ಮಾತಾಡಿಕೊಂಡರು. ಅವಳ ಅಭಿಪ್ರಾಯ ಕೇಳುವುದು ಯಾರಿಗೂ ಹೊಳೆಯಲಿಲ್ಲ. ಆಗ ಮೋಹನದಾಸರು ಬಾಗಿಲಲ್ಲಿ ನಿಂತುಕೊಂಡೇ ಹೇಳಿದರು: "ಉಮಾ ಎಲ್ಲಿಗೂ ಹೋಗೂದಿಲ್ಲ. ಸಾಸವಡದಲ್ಲಿ ನಂದೊಂದು ಜಾಗ ಉಂಟು. ಅಲ್ಲಿ ಹೋಟೆಲು ಹಾಕಿಕೊಡ್ತೇನೆ. ಅವಳು ನಡೆಸ್ತಾಳೆ."

"ಅವಳಿಗೆ ಎಂತ ಗೊತ್ತುಂಟು?" ಎಂದರು ಯಾರೋ.

"ಕಲೀತಾಳೆ," ಎಂದರು ಭಾವ.

ಆ ಒಂದು ಮಾತಿನ ಮೇಲೆ ಉಮಾವತಿ ಇಷ್ಟು ವರ್ಷ ಬದುಕಿದ್ದಳು ಎಂದರೆ ತಪ್ಪಾಗದು. ಅವಳು ಕಲಿತಳು. ಕಲಿಸಿದವಳು ಇಂದೂ. ಗುಡ್ಡದ ಕೆಳಗಿನ ವಾಡಿಯಿಂದ, ಕೆಲವೇ ಮನೆಗಳ ಹಳ್ಳಿಯಿಂದ, ಬೆಳಗ್ಗೆ ನಡೆದು ಬಂದು ಹೋಟೆಲಿನಲ್ಲಿ ಜೋಳದ ಭಾಕರಿ ಬಡಿಯುತ್ತಿದ್ದ ಹೆಂಗಸು. ಇವಳ ಇಡ್ಲಿ ಸಾಂಬಾರಿನ ಪಕ್ಕದಲ್ಲಿ ಅವಳ ಭಾಕರಿ, ಕಡಲೆಹಿಟ್ಟಿನ ಪಿಠ್ಲೆ. ಲಾರಿಯವರು, ಕಾಲೇಜಿನ ಹುಡುಗರು, ಜೇಜುರಿಯ ದೇವಸ್ಥಾನಕ್ಕೆ ಹೋಗುವವರು ಎಲ್ಲರೂ ಅಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಉಮಾವತಿಯ ಮರಾಠಿ ಇಂದೂನ ಮರಾಠಿಯೇ. ಅದೇ ಎಳೆತ, ಅದೇ ಬೈಗುಳ. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಇಂದೂನ ತೋಟದ ಅಂಜೂರ ಹಣ್ಣಾದಾಗ ಮೊದಲ ಬುಟ್ಟಿ ಬರುತ್ತಿದ್ದದ್ದು ಹೋಟೆಲಿನ ಅಡಿಗೆಮನೆಗೆ.

ಹೋಟೆಲಿನ ಹಿಂದೆ ದೊಡ್ಡದೊಂದು ಬಯಲಿತ್ತು. ಆಷಾಢ ಏಕಾದಶಿಯ ಯಾತ್ರೆಗೆ ಸಂತರ ಪಾದುಕೆ ಹೊತ್ತ ಪಾಲಕಿ ಸಾಸವಡಕ್ಕೆ ಬಂದಾಗ ಎಷ್ಟೋ ದಿಂಡಿಗಳು, ಅದರ ಜತೆ ನಡೆದು ಬರುವ ಭಕ್ತರ ತಂಡಗಳು, ಅಲ್ಲೇ ಡೇರೆ ಹಾಕುತ್ತಿದ್ದವು. ವಾಡಿಯ ಹೆಂಗಸರು ಅವರಿಗೆ ಭಾಕರಿ ಮಾಡಿ ಹೊತ್ತು ತರುತ್ತಿದ್ದರು. ಉಮಾವತಿ ದೊಡ್ಡ ಹಂಡೆಯಲ್ಲಿ ಚಹಾ ಇಡುತ್ತಿದ್ದಳು. ಬಯಲಿಗೆ ತಾಗಿಕೊಂಡು ಮೋಹನದಾಸರ ಜಮೀನೂ ಇತ್ತು. ಅಲ್ಲಿ ಮದುವೆ ಮಂಟಪ, ಲಾಡ್ಜು ಕಟ್ಟುವ ಯೋಚನೆ ಅವರಿಗೆ ಬಹಳ ದಿನದಿಂದ ಇತ್ತು.

ಕಳೆದ ವರ್ಷ ಪೇಪರಿನಲ್ಲಿ ಒಂದು ಪ್ರಕಟಣೆ ಬಂತು. ಪುಣೆ ಬೆಳೆಯುತ್ತಿದೆ, ಕರೆಂಟು ಸಾಲುತ್ತಿಲ್ಲ, ಆದ್ದರಿಂದ ಒಂದು ಕಂಪನಿ ಇಲ್ಲಿ ದೊಡ್ಡ ವಿದ್ಯುತ್ ಉಪಕೇಂದ್ರ ಕಟ್ಟಲು ಅನುಮತಿ ಕೇಳಿದೆ, ಜಾಗ ಹೆದ್ದಾರಿ ಬದಿಯ ಬಯಲು, ಸಾರ್ವಜನಿಕರು ತಮ್ಮ ಅಭಿಪ್ರಾಯವನ್ನು ವಿದ್ಯುತ್ ಆಯೋಗದ ಸುನಾವಣಿಯಲ್ಲಿ, ಅಂದರೆ ಬಹಿರಂಗ ವಿಚಾರಣೆಯಲ್ಲಿ, ಹೇಳಬಹುದು. ಯಶ್ಮಿತಾ ಅದನ್ನು ಗಟ್ಟಿಯಾಗಿ ಓದಿದಳು. ಭಾಕರಿ ಬಡಿಯುತ್ತಿದ್ದ ಇಂದೂ ಕೈ ನಿಲ್ಲಿಸಿ, "ಹಾಗಾದರೆ ಪಾಲಕಿಯವರು ಎಲ್ಲಿ ಮಲಗಬೇಕು?" ಎಂದು ಕೇಳಿದಳು.

ಆ ವಾರವೇ ಮೋಹನದಾಸರು ಕಾರು ಮಾಡಿಕೊಂಡು ಬಂದರು. ಅಡಿಗೆಮನೆಗೇ ಬಂದು ಮಣೆಯ ಮೇಲೆ ಕೂತರು.

"ಉಮಾ, ಇದನ್ನು ಬಿಡ್ಲಿಕ್ಕಾಗೂದಿಲ್ಲ. ಹೋಟೆಲಿನವರ ಸಂಘದಿಂದ ನಾನು ವಿರೋಧ ಕೊಡ್ತೇನೆ. ಆದರೆ ನಾವು ಹೊರಗಿನವರು. ನಾವು ಮಾತ್ರ ಹೋದ್ರೆ ಹೋಟೆಲಿನವರ ಸ್ವಾರ್ಥ ಅಂತಾರೆ. ಇಲ್ಲಿಯ ಜನ ಬರ್ಬೇಕು. ಅವರು ನನ್ನ ಮಾತಿಗೆ ಬರೂದಿಲ್ಲ, ನಿನ್ನ ಮಾತಿಗೆ ಬರ್ತಾರೆ."

"ನಾನು ಎಂತ ಹೇಳ್ಬೇಕು ಭಾವ?"

"ಇದ್ದದ್ದನ್ನೇ ಹೇಳು. ಪಾಲಕಿಯ ಬಯಲು ಉಳೀಬೇಕು ಅಂತ. ಸುನಾವಣಿಯಲ್ಲಿ ಮಾತಾಡ್ಲಿಕ್ಕೆ ನಾನಿದ್ದೇನೆ. ಅವರು ಬಂದು ಕೂತ್ರೆ ಸಾಕು, ಕೇಳಿದಾಗ ಕೈ ಎತ್ತಿದ್ರೆ ಸಾಕು."

ಹೋಟೆಲು ನಡೆಸುವವಳಿಗೆ ಬಿಡುವು ಎಲ್ಲಿಯದು. ಆದರೂ ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಉಮಾವತಿ ಇಂದೂನ ಜತೆ ವಾಡಿಗೆ ಹೋಗತೊಡಗಿದಳು. ಒಂದೊಂದು ಅಂಗಳದಲ್ಲೂ ಕೂತಳು. ಗಂಡಸರಿಗೆ ಅನುಮಾನ. ಸರ್ಕಾರದವರ ಮುಂದೆ ಹೋಗಿ ಏನಾಗುತ್ತದೆ, ಕೊನೆಗೆ ಅವರಿಗೆ ಬೇಕಾದದ್ದನ್ನೇ ಮಾಡುತ್ತಾರೆ ಎಂದರು. ವಾಡಿಯ ಹಿರಿಯಳಾದ ಇಂದೂನ ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿ ಉಮಾವತಿಯನ್ನೇ ನೋಡಿದಳು.

"ನಿನ್ನ ಭಾವನಿಗೆ ಪಾಲಕಿಯ ಮೇಲೆ ಇಷ್ಟು ಪ್ರೀತಿ ಯಾವಾಗ ಹುಟ್ಟಿತು?"

"ಅಜ್ಜೀ, ನನ್ನನ್ನು ಕೈಬಿಡದವರು ಅವರು. ನಿಮ್ಮನ್ನೂ ಬಿಡುವುದಿಲ್ಲ. ನನ್ನ ಮಾತು ನಂಬಿ."

ಇಂದೂ ಮಧ್ಯೆ ಬಾಯಿ ಹಾಕಿದಳು. "ವಹಿನಿ ಹೇಳಿದ ಮೇಲೆ ಮುಗಿಯಿತು. ನಾವು ಹೋಗೋಣ."

ಸುನಾವಣಿ ಪುಣೆಯಲ್ಲಿ, ಒಂದು ಸರ್ಕಾರಿ ಸಭಾಂಗಣದಲ್ಲಿ. ವಾಡಿಯವರು, ಜತೆಗೆ ಉಮಾವತಿ, ಯಶ್ಮಿತಾ, ಎರಡು ಟೆಂಪೋ ತುಂಬಿ ಹೊರಟರು. ದಿವೇ ಘಾಟಿ ಇಳಿಯುವಾಗ ಹೆಂಗಸರು ಅಭಂಗ ಹಾಡಿದರು. ಗಂಡಸರು ಒಗೆದ ಬಿಳಿ ಟೋಪಿ, ಹೆಂಗಸರು ಹಬ್ಬದ ಸೀರೆ. ಮದುವೆ ದಿಬ್ಬಣದ ಹಾಗೇ ಕಾಣುತ್ತಿತ್ತು. ಒಳಗೆ ಎಸಿಯ ತಣ್ಣಗಿನ ಗಾಳಿಗೆ ಅವರೆಲ್ಲ ಸೆರಗು ಹೊದ್ದು, ಕುರ್ಚಿಯ ತುದಿಯಲ್ಲಿ ಕೂತರು. ವೇದಿಕೆಯ ಮೇಲೆ ಆಯೋಗದ ಅಧಿಕಾರಿಗಳು, ಪಕ್ಕದಲ್ಲಿ ಕಂಪನಿಯ ಎಂಜಿನಿಯರ್ ವಿಕಾಸ, ಅವನ ಹಿಂದೆ ದೊಡ್ಡ ಪರದೆ. ಪರದೆಯ ಮೇಲೆ ಅವರ ಬಯಲು, ಆಕಾಶದಿಂದ ನೋಡಿದ ಹಾಗೆ. ಅದರ ಅಂಚಿನಲ್ಲಿ ತನ್ನ ಹೋಟೆಲಿನ ತಗಡಿನ ಮಾಡನ್ನು ಗುರುತಿಸಿ ಉಮಾವತಿಗೆ ಸಣ್ಣಗೆ ನಗು ಬಂತು. ಮಗಳಿಗೆ ತೋರಿಸಿದಳು.

ಮೋಹನದಾಸರು ಮುಂದಿನ ಸಾಲಿನಲ್ಲಿದ್ದರು. ಮೈಕು ಅವರ ಕೈಗೆ ಬಂದಾಗ ಚೊಕ್ಕ ಪುಣೇರಿ ಮರಾಠಿಯಲ್ಲಿ ಪಾಲಕಿಯ ಕತೆಯೆಲ್ಲ ಹೇಳಿದರು. ದಿಂಡಿಗಳು, ಭಾಕರಿ, ಚಹಾ. ತನ್ನ ಬಾಯಿಂದ ಕೇಳಿದ್ದನ್ನೇ ಭಾವ ಎಷ್ಟು ಚಂದ ಹೇಳುತ್ತಿದ್ದಾರೆ ಎಂದು ಉಮಾವತಿ ಮಗಳ ಕಿವಿಯಲ್ಲಿ ಹೇಳಿದಳು. ಹಿಂದಿನ ಸಾಲಿನಲ್ಲಿ ಮುದುಕನೊಬ್ಬ ಕಣ್ಣೊರೆಸಿಕೊಂಡ.

ಆಯೋಗದ ಅಧ್ಯಕ್ಷರು ಕೇಳಿದರು: "ಸೂಚಿಸಿರುವ ಈ ಜಾಗಕ್ಕೆ ಯಾರ್ಯಾರ ವಿರೋಧವಿದೆ? ಕೈ ಎತ್ತಿ."

ಉಮಾವತಿ ಹಿಂದೆ ತಿರುಗಿ ಸನ್ನೆ ಮಾಡಿದಳು. ವಾಡಿಯವರೆಲ್ಲ ಒಟ್ಟಿಗೆ ಕೈ ಎತ್ತಿದರು. ಇಂದೂ ಎರಡೂ ಕೈ ಎತ್ತಿದಳು. ಪೇಪರಿನ ಫೋಟೋದವನೊಬ್ಬ ಕುರ್ಚಿಯ ಮೇಲೆ ಹತ್ತಿ ಎಲ್ಲರನ್ನೂ ಸೇರಿಸಿ ಒಂದು ಫೋಟೋ ತೆಗೆದ.

ಮೋಹನದಾಸರು ಮೈಕು ಕೆಳಗಿಡಲಿಲ್ಲ. "ಸಾಹೇಬರೇ, ಈ ಜನ ಅಭಿವೃದ್ಧಿಯ ವಿರೋಧಿಗಳಲ್ಲ. ಕರೆಂಟು ಎಲ್ಲರಿಗೂ ಬೇಕು. ಆದ್ದರಿಂದ ಸಂಘದ ಕಡೆಯಿಂದ ನಾವು ಇನ್ನೊಂದು ಜಾಗ ಸೂಚಿಸಿದ್ದೇವೆ. ಕಂಪನಿಯವರು ಬಂದು ನೋಡಿದ್ದಾರೆ, ಅವರಿಗೂ ಒಪ್ಪಿಗೆ. ಇಲ್ಲಿ ಕೈ ಎತ್ತಿದವರ ಬೆಂಬಲವೂ ಅದಕ್ಕಿದೆ."

ವಿಕಾಸ ಏನೋ ಒತ್ತಿದ. ಪರದೆಯ ಮೇಲೆ ಬೇರೆ ಚಿತ್ರ ಬಂತು. ಹಸಿರು ಚೌಕಗಳು, ನಡುವೆ ಬಿಳಿ ದಾರಿ, ಮೂಲೆಯಲ್ಲೊಂದು ದುಂಡನೆಯ ಬಾವಿ. ಅದರ ಸುತ್ತ ಕೆಂಪು ಗೆರೆ ಎಳೆದಿತ್ತು. ಸ್ವಲ್ಪ ಹೊತ್ತು ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಇಂದೂ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ, "ಅದು ನಮ್ಮ ಬಾವಿ" ಎಂದಳು.

ಗುಡ್ಡದ ಕೆಳಗಿನ ವಾಡಿ. ಕೆಂಪು ಗೆರೆಯ ಒಳಗೆ ಬಿದ್ದದ್ದು ಅವರ ಅಂಜೂರದ ತೋಟಗಳು.

ಉಮಾವತಿ ಎದ್ದು ನಿಂತಳು. ಮೈಕು ಯಾರೂ ಕೊಡಲಿಲ್ಲ. ಅವಳು ಹಾಗೇ ಮಾತಾಡಿದಳು. "ಸಾಹೇಬರೇ, ಇವರು ಹೇಳಿದ್ದು ಸುಳ್ಳು. ಈ ಜನಕ್ಕೆ ಎರಡನೇ ಜಾಗದ ವಿಷಯ ಗೊತ್ತೇ ಇಲ್ಲ. ನಾನೇ ಕರೆದುಕೊಂಡು ಬಂದವಳು. ನನಗೂ ಗೊತ್ತಿಲ್ಲ."

"ನೀವು ಯಾವ ಸಂಘದವರು?" ಎಂದರು ಆಯೋಗದ ಅಧ್ಯಕ್ಷರು.

"ಇವರದೇ ಸಂಘದವಳು."

"ಸಂಘದ ಪರವಾಗಿ ಇವರು ಮಾತಾಡಿ ಆಯಿತಲ್ಲ, ಬಾಯಿ. ನೀವೂ ಈಗಷ್ಟೇ ಕೈ ಎತ್ತಿದ್ದೀರಿ."

"ಅದು ಬಯಲು ಉಳೀಲಿ ಅಂತ ಎತ್ತಿದ ಕೈ. ಇವರ ತೋಟ ಹೋಗಲಿ ಅಂತ ಅಲ್ಲ."

ಅಧ್ಯಕ್ಷರು ಒರಟರೇನಲ್ಲ. ತಾಳ್ಮೆಯಿಂದಲೇ, ನಿಮ್ಮ ಮಾತನ್ನು ದಾಖಲಿಸಿಕೊಳ್ಳುತ್ತೇವೆ, ಬೇರೆ ಯಾರಿಗಾದರೂ ಹೇಳುವುದಿದ್ದರೆ ಹೇಳಿ ಎಂದರು. ವಾಡಿಯ ಗಂಡಸರು ಒಮ್ಮೆಲೇ ಎದ್ದು ಕೂಗತೊಡಗಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಾಯಿತು. ಪೊಲೀಸರು ಒಳಗೆ ಬಂದರು. ಸುನಾವಣಿ ಅಲ್ಲಿಗೆ ಮುಗಿಯಿತು.

ಹೊರಗೆ ಮೆಟ್ಟಿಲ ಬಳಿ ಮೋಹನದಾಸರು ಡ್ರೈವರನಿಗೆ ಕಾಯುತ್ತಿದ್ದರು. ಉಮಾವತಿ ಅವರ ಎದುರು ಹೋಗಿ ನಿಂತಳು. ಅವರ ಮುಖ ನೋಡಿ ಮಾತಾಡಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

"ನನ್ನ ಹತ್ರ ಸುಳ್ಳು ಯಾಕೆ ಹೇಳಿದ್ರಿ ಭಾವ?"

"ಎಂತ ಸುಳ್ಳು? ಬಯಲು ಉಳೀಬೇಕು ಅಂದೆ. ಉಳೀತು. ಪಾಲಕಿ ಬರ್ತದೆ, ನಿನ್ನ ಹೋಟೆಲೂ ಇರ್ತದೆ. ಮೊದಲಿನ ಹಾಗೇ ಬಂದಿದ್ರೆ ನಿನ್ನ ಅಡಿಗೆಮನೆ ಮೇಲೇ ತಂತಿ ಹಾಯ್ತಿತ್ತು, ಗೊತ್ತುಂಟಾ?"

"ಅವರನ್ನು ಕರ್ಕೊಂಡು ಬಂದವಳು ನಾನು."

"ಅದಕ್ಕೇ ಹೇಳದೇ ಇದ್ದದ್ದು. ಹೇಳಿದ್ರೆ ನೀನು ಕರ್ಕೊಂಡು ಬರ್ತಿರ್ಲಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬುದ್ಧಿ ಹೇಳುವವರ ಹಾಗೆ ಅವಳ ಹೆಗಲ ಮೇಲೆ ಕೈಯಿಟ್ಟರು. "ಎಲ್ಲಿಯಾದ್ರೂ ಬರ್ಲೇಬೇಕಲ್ಲ ಅದು. ನಾನು ನಮ್ಮವರನ್ನು ನೋಡಿಕೊಂಡೆ. ನಾಳೆ ನಿನಗೇ ಅರ್ಥ ಆಗ್ತದೆ."

ಅವಳಿಗೆ ಅರ್ಥವಾದದ್ದು ಆಗಲೇ. ನಮ್ಮವರು ಎಂದಾಗ ಭಾವ ಅವಳನ್ನೂ ಸೇರಿಸಿಯೇ ಹೇಳಿದ್ದರು. ಮೋಸದ ಲಾಭದಲ್ಲಿ ಅವಳದೂ ಪಾಲಿತ್ತು.

ಟೆಂಪೋಗಳು ಹೊರಡಲು ನಿಂತಿದ್ದವು. ಉಮಾವತಿ ಓಡಿಹೋಗಿ ಹಿಂದಿನ ಹಲಗೆ ಹಿಡಿದಳು. ಇಂದೂ ಒಳಗೆ ಕೂತಿದ್ದಳು. ಪಕ್ಕದಲ್ಲಿ ಜಾಗವಿತ್ತು. ಅವಳು ಸರಿಯಲಿಲ್ಲ.

"ಇಂದೂ, ನನಗೆ ಗೊತ್ತಿರಲಿಲ್ಲ. ಮಗಳ ಆಣೆ."

"ಮಗಳನ್ನು ಯಾಕೆ ಎಳೀತೀಯ," ಎಂದಳು ಇಂದೂ. "ಗೊತ್ತಿದ್ದರೆ ಏನು, ಗೊತ್ತಿಲ್ಲದಿದ್ದರೆ ಏನು. ನಿನ್ನ ಹೋಟೆಲು ಉಳೀತಲ್ಲ."

ತಾಯಿ ಮಗಳು ಸ್ವಾರಗೇಟಿಗೆ ಹೋಗಿ ಬಸ್ಸು ಹಿಡಿದರು.

ಮರುದಿನ ಇಂದೂ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಉಮಾವತಿಯೇ ವಾಡಿಗೆ ಹೋದಳು. ಅಂಗಳಗಳಲ್ಲಿ ಯಾರೂ ಚಾಪೆ ಹಾಸಲಿಲ್ಲ. ನಿಂತುಕೊಂಡೇ ಹೇಳಿದಳು: ಆಯೋಗ ಆದೇಶ ಹೊರಡಿಸುವವರೆಗೂ ಬರೆದು ಕಳಿಸಬಹುದಂತೆ, ಯಶ್ಮಿತಾ ಬರೆದುಕೊಡುತ್ತಾಳೆ. ಅಜ್ಜಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. "ನಂಬು ಅಂದೆ, ನಂಬಿದೆವು. ಇನ್ನು ನಿನ್ನ ಮನೆಯವರ ಕೈಯಲ್ಲಿ ಏನೂ ಬರೆಸುವುದು ಬೇಡ," ಎಂದಳು. ಬೈದಿದ್ದರೆ ಉಮಾವತಿಗೆ ಹಗುರಾಗುತ್ತಿತ್ತು. ಅಜ್ಜಿ ಬೈಯಲಿಲ್ಲ. ವಾಡಿಯವರು ತಮಗೆ ತಿಳಿದ ಮಾಸ್ತರೊಬ್ಬರಿಂದ ಬರೆಸಿ ಕಳಿಸಿದರು. ಉಮಾವತಿ ತನ್ನ ಹೆಸರಿನಲ್ಲಿ ಬೇರೆಯಾಗಿ ಕಳಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು. ಹೆದ್ದಾರಿ ಬದಿಯ ಜಾಗವನ್ನು ಸ್ಥಳೀಯರ ಭಾವನೆಗಳನ್ನು ಗೌರವಿಸಿ ಕೈಬಿಡಲಾಗಿದೆ. ಸುನಾವಣಿಗೆ ಬಂದ ಗ್ರಾಮಸ್ಥರ ಬೆಂಬಲದ ಹಿನ್ನೆಲೆಯಲ್ಲಿ ಪರ್ಯಾಯ ಜಾಗಕ್ಕೆ ಅನುಮತಿ ನೀಡಲಾಗಿದೆ. ಕೆಲವರು ಭಿನ್ನ ಅಭಿಪ್ರಾಯ ವ್ಯಕ್ತಪಡಿಸಿದರು ಎಂದು ಕೊನೆಯಲ್ಲಿ ಒಂದು ಸಾಲಿತ್ತು. ಯಶ್ಮಿತಾ ಆ ಸಾಲನ್ನು ಎರಡು ಸಲ ಓದಿ, "ಅಮ್ಮಾ, ಇದು ನೀನು," ಎಂದಳು.

ಉಮಾವತಿ ಒಲೆ ಆರಿಸಿದಳು. ಸದಾಶಿವ ಪೇಠಕ್ಕೆ ಹೋಗಿ ಹೋಟೆಲಿನ ಕೀಲಿಯನ್ನು ಭಾವನ ಗಲ್ಲೆಯ ಮೇಲಿಟ್ಟಳು. ಅವರು ಬಹಳ ಹೊತ್ತು ಮಾತಾಡಿದರು. ಗಂಡ ಸತ್ತ ದಿನ ಯಾರು ನಿಂತದ್ದು ಎಂದು ಕೇಳಿದರು. "ನೀವೇ," ಎಂದಳು ಉಮಾವತಿ. "ಅದು ಸುಳ್ಳಲ್ಲ. ಅದಕ್ಕೇ ಇದು ಹೆಚ್ಚು ನೋಯ್ತದೆ." ಮತ್ತೆ ಅವಳು ಆ ಮೆಟ್ಟಿಲು ಹತ್ತಿಲ್ಲ. ನೆಂಟರ ಮದುವೆಗಳಿಗೂ ಕರೆ ನಿಂತಿತು. ಉಪಕಾರ ಮರೆತವಳು ಎಂಬ ಹೆಸರು ಕುಂದಾಪುರದವರೆಗೂ ಹೋಯಿತು. ಈಗ ಸಾಸವಡದ ಪೇಟೆಯ ಒಳಗೆ, ತರಕಾರಿ ಸಂತೆಯ ಹಿಂದೆ ಬಾಡಿಗೆಯ ಚಿಕ್ಕ ಅಂಗಡಿಯಲ್ಲಿ ಬೆಳಗ್ಗೆ ಇಡ್ಲಿ ಮಾಡುತ್ತಾಳೆ. ಭಾಕರಿ ಇಲ್ಲ. ಅವಳಿಗೆ ಅದು ಕೊನೆಗೂ ಬರಲಿಲ್ಲ.

ಈ ವರ್ಷ ಇನ್ನೊಂದು ಸುನಾವಣಿ ನಡೆಯಿತು. ಉಪಕೇಂದ್ರದಿಂದ ಹೊರಡುವ ತಂತಿಯ ಕಂಬಗಳು ಯಾರ ಮನೆಯ ಹತ್ತಿರ ಬರಬೇಕೆಂಬುದರ ಬಗ್ಗೆ. ಈ ಸಲ ಸಾಸವಡದ ತಹಶೀಲ್ದಾರರ ಕಚೇರಿಯಲ್ಲೇ. ಉಮಾವತಿ ಅಂಗಡಿ ಮುಚ್ಚಿ ಹೋದಳು. ಅವಳನ್ನು ಯಾರೂ ಕರೆದಿರಲಿಲ್ಲ. ವಾಡಿಯವರು ಬಂದಿದ್ದರು, ಕಳೆದ ಸಲಕ್ಕಿಂತ ಕಡಿಮೆ ಜನ. ಅವಳು ಒಂದು ಬೆಂಚಿನ ತುದಿಯಲ್ಲಿ ಕೂತಳು. ಇಂದೂ ಒಳಗೆ ಬಂದು, ಅತ್ತಿತ್ತ ನೋಡಿ, ಬೇರೆ ಎಲ್ಲೂ ಜಾಗ ಕಾಣದೆ ಅದೇ ಬೆಂಚಿನ ಇನ್ನೊಂದು ತುದಿಗೆ ಕೂತಳು. ತಲೆಗೂದಲು ಮೊದಲಿಗಿಂತ ಬೆಳ್ಳಗಾಗಿತ್ತು.

"ಅಂದು ನಡೆದದ್ದನ್ನು ನಾನು ಇಲ್ಲಿ ಹೇಳುತ್ತೇನೆ. ಕೈ ಎತ್ತಿಸಿದ್ದು ಹೇಗೆ ಅಂತ. ಅದಕ್ಕೇ ಬಂದೆ," ಎಂದಳು ಉಮಾವತಿ.

ಇಂದೂ ಎದುರಿನ ಗೋಡೆ ನೋಡುತ್ತ ಉತ್ತರ ಕೊಟ್ಟಳು. "ಬೇಡ, ಉಮಾವತಿ ಬಾಯಿ. ನಮ್ಮ ಪರವಾಗಿ ಮಾತಾಡುವವರು ಇನ್ನು ಬೇಡ."

ಇಷ್ಟು ವರ್ಷದಲ್ಲಿ, ವಹಿನಿ ಎನ್ನುವುದನ್ನು ಬಿಟ್ಟು, ಅವಳು ಒಮ್ಮೆಯೂ ಆ ಹೆಸರು ಹಿಡಿದು ಕರೆದಿರಲಿಲ್ಲ.

ಹೆಸರು ಕೂಗಿದಾಗ ಇಂದೂ ಎದ್ದು ಮುಂದೆ ಹೋದಳು. ತನ್ನ ಬಾವಿ ಎಲ್ಲಿದೆ, ಮನೆಯ ಬಾಗಿಲು ಯಾವ ದಿಕ್ಕಿಗಿದೆ, ಉಳಿದಿರುವ ಮರಗಳು ಯಾವುವು ಎಂದು ಹೇಳಿದಳು. ಅಧಿಕಾರಿ ಬರೆದುಕೊಳ್ಳುತ್ತಿದ್ದರೋ ಇಲ್ಲವೋ, ಬೆಂಚಿನಿಂದ ಕಾಣಿಸುತ್ತಿರಲಿಲ್ಲ. ಉಮಾವತಿ ಬಾಯಿ ಬಿಡದೆ ಕೊನೆಯವರೆಗೂ ಕೂತು ಕೇಳಿದಳು.