ಓಣಿಯ ಹೆಬ್ಬೆಟ್ಟುಗಳಿಗೆಲ್ಲ ಬಟ್ಟೆ

...ಅಥವಾ ಬಟ್ಟೆ ಸುತ್ತಿದ್ದ ಹೆಬ್ಬೆಟ್ಟುಗಳು ಆರಲ್ಲ, ನಾಲ್ಕೇ ಇದ್ದವೇನೋ. ಇಷ್ಟು ವರ್ಷ ಹೇಳುತ್ತ ಹೇಳುತ್ತ ನಾನೇ ಎರಡು ಸೇರಿಸಿರಬಹುದು. ಇಸವಿ ಎರಡು ಸಾವಿರದ ಆರೋ ಏಳೋ. ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಹಗಲಿಡೀ ಇಳಿಯುತ್ತಿದ್ದ ಕಾಲ. ನಾನು ಹೊಸಪೇಟೆಯಲ್ಲಿದ್ದು ಸರ್ವೆ ಕೆಲಸ ಮಾಡುತ್ತಿದ್ದೆ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಫಾರ್ಮ್ ತುಂಬುವ ಕೆಲಸ.

ಆ ಸಲದ ಪ್ರಶ್ನೆ ಒಂದೇ. ಗಣಿಯ ಆದಾಯದಲ್ಲಿ ಬಡವ ಬಲ್ಲಿದ ಎನ್ನದೆ ಪ್ರತಿಯೊಬ್ಬರಿಗೂ, ಯಾವ ಶರತ್ತೂ ಇಲ್ಲದೆ, ತಿಂಗಳು ತಿಂಗಳು ಒಂದಿಷ್ಟು ಹಣ ಕೊಟ್ಟರೆ ಒಪ್ಪುತ್ತೀರಾ? ಇದಕ್ಕೆ ಬೇಸಿಕ್ ಇನ್‌ಕಮ್ ಎನ್ನುತ್ತಾರೆಂದು ಸೂಪರ್‌ವೈಸರ್ ಹೇಳಿಕೊಟ್ಟಿದ್ದ. ಉತ್ತರ: ಹೌದು, ಬೇಡ, ಗೊತ್ತಿಲ್ಲ. ಕೆಳಗೆ, ಉತ್ತರ ಬರೆದುಕೊಳ್ಳಲು ಒಪ್ಪಿಗೆ ಇದೆ ಎಂಬ ಸಾಲು, ಅದಕ್ಕೆ ಸಹಿ ಅಥವಾ ಹೆಬ್ಬೆಟ್ಟು. ಅದಿಲ್ಲದ ಫಾರ್ಮ್ ರದ್ದು.

ಸಂಡೂರು ದಾರಿಯ ಆ ಊರಿನಲ್ಲಿ ಮೊದಲ ದಿನ ನಗುವೇ ಹೆಚ್ಚು.

“ಗಣಿ ಮಾಲಕಗೂ ಕೊಡ್ತೀರೇನ್ರಿ?” ಒಬ್ಬ ಲಾರಿ ಡ್ರೈವರ್ ಕೇಳಿದ.

“ಎಲ್ಲರಿಗೂ.”

“ಪಾಪ, ಕೊಡ್ರಿ. ಅವಂಗೂ ಹೊಟ್ಟಿ ಐತಿ.”

ನಗದವಳು ದುರುಗಮ್ಮ ಒಬ್ಬಳೇ. ರಸ್ತೆ ಪಕ್ಕ ಅವಳದು ಎರಡು ಎಕರೆ ಜೋಳದ ಹೊಲ. ಧೂಳು ಕೂತು ತೆನೆಗಳೂ ಕೆಂಪು. ನಾನು ಇಂಕ್ ಪ್ಯಾಡಿನ ಮುಚ್ಚಳ ತೆಗೆದದ್ದೇ ಅವಳು ಮುಷ್ಟಿ ಬಿಗಿದಳು. ಹಿಂದಿನ ವರ್ಷ ಅವಳ ಮೈದುನನ ಬಳಿಗೂ ಯಾರೋ ಹೀಗೇ ಬಂದಿದ್ದರಂತೆ. ಬೆಳೆಗೆ ಕೂತ ಧೂಳಿಗೆ ಪರಿಹಾರ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಸುಗ್ಗಿಗೆ ಮೊದಲೇ ಅವನ ಹೊಲದಲ್ಲಿ ಲಾರಿಗಳು ಅದಿರು ಸುರಿದವು. ಕಾಗದದಲ್ಲಿದ್ದದ್ದು ಹೊಲದ ಗುತ್ತಿಗೆ ಕರಾರು.

ಮರುದಿನ ಹೋದರೆ ದುರುಗಮ್ಮನ ಓಣಿಯ ಹೆಂಗಸರೆಲ್ಲರ ಎಡ ಹೆಬ್ಬೆಟ್ಟಿಗೆ ಬಟ್ಟೆ.

“ಏನಾತ್ರಿ?”

“ಕುಡುಗೋಲು ಹತ್ತೇತ್ರಿ ಮೇಡಂ.”

“ಎಲ್ಲಾರಿಗೂ?”

“ಭಾಳ ಚೂಪ್ ಐತ್ರಿ ಅದು.”

ನಾನು ನಕ್ಕೆ. ಅವರು ನಗಲಿಲ್ಲ. ಆಗ ನನಗೇ ಹೆದರಿಕೆಯಾಯಿತು. ಇಡೀ ಓಣಿ ಗಾಯದ ಸೋಗು ಹಾಕಿ ಕೂತಿದ್ದು ನನ್ನನ್ನು ಕಂಡು.

ಆದರೂ ಫಾರ್ಮ್ ತುಂಬಬೇಕಿತ್ತು. ದುರುಗಮ್ಮನ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಒಪ್ಪಿಗೆಯ ಸಾಲನ್ನು ಮತ್ತೆ ಮತ್ತೆ ಓದಿ ಹೇಳಿದೆ. ಬಹಳ ಹೊತ್ತಿನ ಮೇಲೆ ಅವಳು ಬಟ್ಟೆ ಬಿಚ್ಚಿದಳು. ಗಾಯವಿರಲಿಲ್ಲ.

“ಬ್ಯಾಡ ಅಂತ ಬರೀರಿ.”

“ರೊಕ್ಕ ಬ್ಯಾಡೇನು?”

“ಯಾರಿಗೆ ಬ್ಯಾಡ್ರಿ? ಆದ್ರ ಬ್ಯಾಡ ಅಂದಾಕಿ ಹೊಲ ಯಾರೂ ಕೇಳಂಗಿಲ್ಲ, ಅಲ್ಲೇನ್ರಿ?”

‘ಬೇಡ’ಕ್ಕೆ ಗುರುತು ಹಾಕಿದೆ. ಅವಳು ಹೆಬ್ಬೆಟ್ಟು ಒತ್ತಿ, ನನ್ನ ಕೈ ಹಿಡಿದಳು. “ಪಕ್ಕದಾಗ ನಿಮ್ಮದೂ ಒತ್ರಿ.”

ಆ ಸರ್ವೆ ಮಾಡಿಸುತ್ತಿದ್ದವರು ಯಾರೆಂದು ನನಗೆ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ. ಕೈ ಹಿಂದೆಳೆದುಕೊಂಡದ್ದು ನೆನಪಿದೆ. ಆಮೇಲೆ ಒತ್ತಿದೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಬೆರಳಿಗೆ ಮಸಿ ಇದ್ದದ್ದು ನಿಜ. ಪ್ಯಾಡ್ ಹಿಡಿದವರಿಗೆಲ್ಲ ಮಸಿ ಹತ್ತುತ್ತದೆ.

ಫಾರ್ಮ್‌ಗಳನ್ನು ಹೊಸಪೇಟೆಯ ಲಾಡ್ಜೊಂದರಲ್ಲಿ ಸೂಪರ್‌ವೈಸರ್‌ಗೆ ಕೊಟ್ಟೆ. ವರದಿ ಬಂದಿತೋ ಇಲ್ಲವೋ. ಬಂದಿದ್ದರೆ ದುರುಗಮ್ಮ ಅದರಲ್ಲಿ ಎಲ್ಲರಿಗೂ ಹಣ ಕೊಡುವುದನ್ನು ವಿರೋಧಿಸಿದವಳು. ಜನ ಉತ್ತರ ಕೊಡುವುದು ಪ್ರಶ್ನೆಗಲ್ಲ, ಕೇಳಲು ಬಂದವರಿಗೆ ಎಂದು ಆ ಕೆಲಸ ನನಗೆ ಕಲಿಸಿತು, ತಡವಾಗಿ.

ಮರುವರ್ಷ ಅದೇ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದೆ. ರಸ್ತೆ ಪಕ್ಕದ ಹೊಲದಲ್ಲಿ ಅದಿರಿನ ರಾಶಿ. ಅದು ಮೈದುನನ ಹೊಲವೋ, ದುರುಗಮ್ಮನದೋ? ಆ ಕೆಂಪಿನಲ್ಲಿ ಬದುಗಳೇ ಕಾಣುತ್ತಿರಲಿಲ್ಲ. ಇಳಿದು ಕೇಳಬಹುದಿತ್ತು. ಇಳಿಯಲಿಲ್ಲ. ಇಂದಿಗೂ ಗೊತ್ತಿಲ್ಲ.